ಹನ್ನೆರಡು ಕುದುರೆ, ಹದಿನಾರು ಕುದುರೆ

“ಹದಿಮೂರು ಸೆಕೆಂಡು ಎಲ್ಲಿ ಹೋಯ್ತು, ಅಂಕಲ್?”

ಮೈಥಿಲಿ ತಲೆ ಎತ್ತದೆ ಕೇಳಿದಳು. ಸಿಂಗಪುರದ ಆಂಗ್ ಮೋ ಕಿಯೋದ ಬಹುಮಹಡಿ ಕಾರ್ ಪಾರ್ಕಿನ ಮೂರನೇ ಅಂತಸ್ತಿನಲ್ಲಿ, ೧೯೮೩ರ ಯೆಜ್ಡಿ ರೋಡ್‌ಕಿಂಗ್ ಒಂದರ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಗಾಡಿಯ ಆ ಕಡೆ ಹಳೇ ಬನಿಯನ್ ಬಟ್ಟೆ ಹಿಡಿದು ಟ್ಯಾಂಕ್ ಒರೆಸುತ್ತಿದ್ದವರು ಅದರ ಯಜಮಾನರು, ಕಲಬುರಗಿಯ ಶರಣಬಸಪ್ಪ.

“ಯಾವ ಸೆಕೆಂಡಮ್ಮ?”

“ನಿಮ್ಮ ಗಾಡೀದು. ಹೋದ ವರ್ಷ ಮೌಂಟ್ ಫೇಬರ್ ಬುಡದಿಂದ ತುದಿಗೆ ಎರಡು ನಿಮಿಷ ಮೂವತ್ತೊಂದು ಸೆಕೆಂಡು. ಈ ಭಾನುವಾರ ಎರಡು ನಿಮಿಷ ನಲವತ್ನಾಲ್ಕು.”

ಬಟ್ಟೆ ಟ್ಯಾಂಕಿನ ಮೇಲೆ ಓಡಾಡುವುದನ್ನು ನಿಲ್ಲಿಸಿತು. “ಟೈಮ್ ಯಾರು ನೋಡಿದ್ರು? ನಾವು ಬರ್ಕೊಳ್ಳೋದು ಗ್ಯಾಪ್ ಮಾತ್ರ.”

“ಅದಕ್ಕೇ ನೀವು ಧೈರ್ಯವಾಗಿದ್ರಿ.”

ಭಾನುವಾರ ಮಧ್ಯಾಹ್ನ, ಎಲ್ಲರೂ ಕೆಳಗೆ ವಸತಿ ಬ್ಲಾಕಿನ ಬುಡದ ತೆರೆದ ಹಜಾರವಾದ ವಾಯ್ಡ್ ಡೆಕ್ಕಿನಲ್ಲಿ ಊಟಕ್ಕೆ ಕೂತಿದ್ದಾಗ, ಕಿಟ್ಟಿ ಅಂಕಲ್ಲರ ೧೯೬೫ರ ಜಾವಾ ಇದೇ ರೋಡ್‌ಕಿಂಗಿನ ಪಕ್ಕದಿಂದ ಮಾಯವಾಗಿತ್ತು. ಇವತ್ತು ಮಂಗಳವಾರ, ಗಂಟೆ ನಾಲ್ಕು. ಸಂಜೆ ಆರಕ್ಕೆ ಕಿಟ್ಟಿಯವರ ಮಗಳು ಮಾನ್ಯಾ ಅಪ್ಪನನ್ನು ಪೊಲೀಸ್ ಠಾಣೆಗೆ ಕರೆದೊಯ್ಯುವವಳಿದ್ದಳು. ಅಲ್ಲಿ ಕೊಡಲು ಅವರ ಬಳಿ ಒಂದೇ ಹೆಸರಿತ್ತು, ಮೂವತ್ತು ವರ್ಷದ ಸ್ನೇಹಿತನ ಹೆಸರು.

“ಶರಣಬಸಪ್ಪ ಅಂಕಲ್ ಹದಿನೈದು ವರ್ಷದಲ್ಲಿ ಫಸ್ಟ್ ಟೈಮ್ ಸೋತಿದ್ದಾರೆ, ಆಂಟಿ,” ಎಂದು ಮಾನ್ಯಾ ಬೆಳಿಗ್ಗೆ ಫೋನಿನಲ್ಲಿ ಉರಿದುಬಿದ್ದಿದ್ದಳು. “ಆ ವಿಚಿತ್ರ ಲಿವರ್‌ನ ಸ್ಟಾರ್ಟ್ ಮಾಡೋಕೆ ಗೊತ್ತಿರೋದು ಇಡೀ ಸಿಂಗಪುರದಲ್ಲಿ ಇಬ್ಬರಿಗೇ ಲಾ. ಒಬ್ಬರು ನಮ್ಮಪ್ಪ. ಇನ್ನೊಬ್ಬರು ಯಾರು, ನೀವೇ ಹೇಳಿ!”

ಇಬ್ಬರಿಗೇ ಅಲ್ಲ, ಮೂವರಿಗೆ ಎಂದು ಮೈಥಿಲಿ ತಿದ್ದಲಿಲ್ಲ. ಅವಳಿಗೂ ಗೊತ್ತಿತ್ತು. ಗಾಡಿಗಳ ಇನ್ಶೂರೆನ್ಸ್ ಸರ್ವೇಯರ್ ಆಗಿ ಇಪ್ಪತ್ತು ವರ್ಷ ಈ ದ್ವೀಪದ ನಜ್ಜುಗುಜ್ಜಾದ ಕಾರುಗಳನ್ನು ತಡವಿದವಳು ಅವಳು. ಅದಕ್ಕೂ ಮೊದಲು, ಈ ಗಾಡಿಗಳು ತಯಾರಾಗುತ್ತಿದ್ದ ಮೈಸೂರಿನ ಯಾದವಗಿರಿ ಫ್ಯಾಕ್ಟರಿಯ ಟೆಸ್ಟ್ ರೈಡರ್ ಒಬ್ಬರ ಮಗಳು. ಅಪ್ಪ ಮನೆಗೆ ಬಂದರೆ ಅಂಗಿಯಲ್ಲಿ ಸುಟ್ಟ ಎಣ್ಣೆಯ ವಾಸನೆ ಇರುತ್ತಿತ್ತು. ಅಮ್ಮ ಮೂಗು ಮುಚ್ಚಿಕೊಂಡರೆ ಮಗಳು ಆ ಅಂಗಿಯಲ್ಲೇ ಮುಖ ಹುದುಗಿಸುತ್ತಿದ್ದಳು. ಈಗ ರೋಡ್‌ಕಿಂಗಿನ ಪಕ್ಕ ಕೂತರೂ ಅದೇ ವಾಸನೆ, ಕೇಸಿನ ಮೇಲೆ ಮನಸ್ಸಿಡುವುದೇ ಕಷ್ಟವಾಗಿತ್ತು.

ಈ ಇಬ್ಬರು ಮುದುಕರ ಜಗಳ ಸಿಂಗಪುರದ ಕನ್ನಡಿಗರಿಗೆಲ್ಲ ಗೊತ್ತಿದ್ದದ್ದೇ. ಕಿಟ್ಟಿಯವರದು ಹನ್ನೆರಡು ಕುದುರೆ ಶಕ್ತಿಯ ಜಾವಾ, ಶರಣಬಸಪ್ಪನವರದು ಹದಿನಾರು ಕುದುರೆಯ ರೋಡ್‌ಕಿಂಗ್. ಎರಡೂ ಒಂದೇ ಫ್ಯಾಕ್ಟರಿಯ ಮಕ್ಕಳು. ಎರಡಕ್ಕೂ ಇನ್ನೂರೈವತ್ತು ಸಿಸಿಯ ಒಂಟಿ ಸಿಲಿಂಡರು, ಎರಡೆರಡು ಸೈಲೆನ್ಸರು, ನಾಲ್ಕು ಗೇರು. ಸಿಲಿಂಡರಿನ ಅಗಲ ಉದ್ದ ಕೂಡ ಮಿಲಿಮೀಟರ್ ಲೆಕ್ಕದಲ್ಲಿ ಒಂದೇ. ಚಕ್ರ ಮಾತ್ರ ಜಾವಾದ್ದು ಹದಿನಾರು ಇಂಚು, ತಮ್ಮನದು ಹದಿನೆಂಟು.

“ಕುದುರೆ ಜಾಸ್ತಿ ಇದ್ದರೆ ಆಯ್ತಾ? ಕುಲೀನತೆ ಬೇಡ್ವಾ?” ಎನ್ನುವರು ನಿವೃತ್ತ ಪ್ರೊಫೆಸರ್ ಕಿಟ್ಟಿ.

“ಕುಲ ಇಟ್ಕೊಂಡು ಗುಡ್ಡ ಹತ್ತು ನೋಡೋಣ,” ಎನ್ನುವರು ಬ್ಯಾಂಕಿನಿಂದ ನಿವೃತ್ತರಾದ ಶರಣಬಸಪ್ಪ.

ಹತ್ತಿಯೂ ಹತ್ತುತ್ತಿದ್ದರು. ಇಂಥ ಹಳೇ ಗಾಡಿಗಳನ್ನು ಈ ಊರಿನಲ್ಲಿ ವರ್ಷಕ್ಕೆ ನಲವತ್ತೈದೇ ದಿನ ರಸ್ತೆಗಿಳಿಸಬಹುದು. ಅದರಲ್ಲಿ ಒಂದು ದಿನ ಈ ಪಂದ್ಯಕ್ಕೆ ಮೀಸಲು. ಸೆರಂಗೂನಿನ ಅಂಗಡಿಯಿಂದ ಇಪ್ಪತ್ತೈದು ಕೆಜಿಯ ಎರಡು ಸೋನಾ ಮಸೂರಿ ಮೂಟೆ ತಂದು ಹಿಂದಿನ ಸೀಟಿಗೆ ಒಂದೊಂದು ಬಿಗಿಯುವುದು. ಗುಡ್ಡದ ಬುಡದಿಂದ ತುದಿಯವರೆಗೆ ಮೂರನೇ ಗೇರಿನಲ್ಲೇ ಹತ್ತುವುದು, ಗೇರು ಇಳಿಸಿದವನು ಔಟ್. ಮೊದಲು ಮುಟ್ಟಿದವನು ಕೈಗಡಿಯಾರ ಹಿಡಿದು ಇನ್ನೊಬ್ಬನಿಗೆ ಕಾಯುವುದು. ಎಷ್ಟು ಸೆಕೆಂಡು ಕಾದ ಎಂಬುದಷ್ಟೇ ಕ್ಯಾಲೆಂಡರಿನ ಹಿಂಬದಿಗೆ ಏರುತ್ತಿತ್ತು. ಆಮೇಲೆ ಅದೇ ಅಕ್ಕಿಯಿಂದ ಬಿಸಿಬೇಳೆಬಾತ್ ಮಾಡಿ ಐವತ್ತು ಜನ ಉಣ್ಣುತ್ತಿದ್ದರು.

ಹದಿನಾಲ್ಕು ವರ್ಷ ಆ ಕ್ಯಾಲೆಂಡರುಗಳಲ್ಲಿ ಒಂದೇ ಕಥೆ: ರೋಡ್‌ಕಿಂಗ್ ಎಂಟು ಸೆಕೆಂಡು ಮುಂದೆ, ಹನ್ನೊಂದು ಮುಂದೆ, ಒಂಬತ್ತು ಮುಂದೆ. ಈ ಭಾನುವಾರ ಜಾವಾ ನಾಲ್ಕು ಸೆಕೆಂಡು ಮುಂದೆ. ಕಿಟ್ಟಿಯವರನ್ನು ಜನ ಹೆಗಲ ಮೇಲೆ ಹೊರುವುದೊಂದು ಬಾಕಿ.

“ಮಾನ್ಯಾ ಪ್ರತಿ ವರ್ಷ ಫೋನಲ್ಲಿ ವಿಡಿಯೋ ಮಾಡ್ತಾಳೆ,” ಎಂದಳು ಮೈಥಿಲಿ. “ಹೋದ ವರ್ಷದ್ದೂ ಈ ವರ್ಷದ್ದೂ ಪಕ್ಕಪಕ್ಕ ಇಟ್ಟು ನೋಡ್ದೆ. ಜಾವಾ ಅವತ್ತೂ ಎರಡು ನಿಮಿಷ ನಲವತ್ತು, ಈ ಸಲಾನೂ ಎರಡು ನಿಮಿಷ ನಲವತ್ತು. ಅದೇನೂ ಯೌವನಕ್ಕೆ ಬರಲಿಲ್ಲ. ಮುದಿಯಾಗಿದ್ದು ನಿಮ್ಮದು.”

“ಗಾಡಿಗೆ ವಯಸ್ಸಾಯ್ತಮ್ಮ. ಪ್ಲಗ್ ಕಪ್ಪಾಗಿರ್ಬೇಕು.”

ಮೈಥಿಲಿ ಚೀಲದಿಂದ ಪಾನಾ ತೆಗೆದು ಪ್ಲಗ್ ಬಿಚ್ಚಿದಳು. ಬೆಳಕಿಗೆ ಹಿಡಿದರೆ ಅದು ಒಳ್ಳೇ ಬಿಸ್ಕತ್ತಿನ ಬಣ್ಣಕ್ಕಿತ್ತು. ಇಂಜಿನ್ ಕುಡಿದದ್ದನ್ನೆಲ್ಲ ಸರಿಯಾಗಿ ಜೀರ್ಣಿಸಿಕೊಂಡರೆ ಮಾತ್ರ ಪ್ಲಗ್ಗಿಗೆ ಆ ಬಣ್ಣ ಬರುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದರು.

“ಮತ್ತೆ?”

“ಚೈನು ಸಡಿಲ...”

ಅವಳು ಚೈನು ಎತ್ತಿ ನೋಡಿದಳು. ಎಷ್ಟು ಬೇಕೋ ಅಷ್ಟೇ ಬಿಗಿ. ಬ್ರೇಕು ಹಿಡಿದುಕೊಂಡಿರಬಹುದು ಎಂದು ಅವರು ಬಾಯಿ ತೆರೆಯುವುದರೊಳಗೆ ಹಿಂದಿನ ಚಕ್ರವನ್ನು ಒಂದು ಸುತ್ತು ತಿರುಗಿಸಿ ಬಿಟ್ಟಳು. ಅದು ನಿಲ್ಲಲು ಮನಸ್ಸಿಲ್ಲದಂತೆ ತಿರುಗುತ್ತಲೇ ಇತ್ತು.

“ಅಂಕಲ್, ನಂಗೆ ಗಾಡಿಗಳು ಸುಳ್ಳು ಹೇಳಲ್ಲ.”

ಶರಣಬಸಪ್ಪ ಬನಿಯನ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಮುಖದಲ್ಲಿ ಕಳ್ಳನ ಕಳೆಯಿರಲಿಲ್ಲ. ಕದ್ದು ಬೆಲ್ಲ ತಿಂದ ಮಗುವಿನ ಕಳೆ ಇತ್ತು.

ಮೈಥಿಲಿ ಮೊದಲು ಇನ್ನೊಂದು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು. ಕಳವಾದ ಹೊತ್ತಿನಲ್ಲಿ ಎದುರಿಗೆ ನಿಂತಿದ್ದ ಗಿರಿಧರ್ ಎಂಬವರ ಕಾರಿನ ಕ್ಯಾಮೆರಾದಲ್ಲಿ ನಲವತ್ತು ಸೆಕೆಂಡಿನ ಚಿತ್ರ ಸಿಕ್ಕಿತ್ತು. ಹೊರಗೆ ಜೋರು ಮಳೆ. ನೀಲಿ ರೇನ್‌ಕೋಟು, ಹೆಲ್ಮೆಟ್ಟು ಹಾಕಿದ ಒಂದು ಆಕೃತಿ ಬೆನ್ನು ತೋರಿಸಿಕೊಂಡು ಜಾವಾದ ಬಳಿ ಬರುತ್ತದೆ. ಎಡಗಾಲಿನಿಂದ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿ ಕಿಕ್ ಹೊಡೆಯುತ್ತದೆ, ಕಿಕ್ ಆದ ಮೇಲೆ ಅದೇ ಲಿವರಿನಿಂದ ಗೇರು ಹಾಕುತ್ತದೆ. ಕಿಕ್ಕಿಗೂ ಗೇರಿಗೂ ಒಂದೇ ಲಿವರ್ ಇರುವ ಗಾಡಿ ಈ ತಲೆಮಾರಿನವರಿಗೆ ಒಗಟು. ಇಂಥದೇ ಲಿವರ್ ರೋಡ್‌ಕಿಂಗಿಗೂ ಇದೆ; ಮಾನ್ಯಾ ಹಿಡಿದುಕೊಂಡಿದ್ದು ಅಷ್ಟನ್ನೇ.

ಮೈಥಿಲಿ ಹಿಡಿದುಕೊಂಡದ್ದು ಅದಕ್ಕಿಂತ ಎರಡು ಸೆಕೆಂಡು ಹಿಂದಿನದನ್ನು.

“ಅಂಕಲ್, ಜಾವಾ ತಣ್ಣಗಿದ್ದಾಗ ಹೇಗೆ ಸ್ಟಾರ್ಟ್ ಮಾಡ್ತಾರೆ?”

“ಹೇಗೆ ಅಂದ್ರೆ? ಚೋಕ್ ಎಳೆದು ಒಂದು ಕಿಕ್.” ಹೇಳುತ್ತಿದ್ದಂತೆಯೇ ಅವರ ಕೈ ತನ್ನಷ್ಟಕ್ಕೆ ತಮ್ಮ ರೋಡ್‌ಕಿಂಗಿನ ಚೋಕಿನ ಕಡೆ ಹೋಯಿತು.

“ನೀವು ಒಂದು ಸಲಾನೂ ಅದನ್ನ ಸ್ಟಾರ್ಟ್ ಮಾಡಿಲ್ವಾ?”

“ಮುಟ್ಟೇ ಇಲ್ಲ! ಅವನೂ ನನ್ನದು ಮುಟ್ಟಿಲ್ಲ. ಅದು ಮೊದಲನೇ ದಿನಾನೇ ಆದ ಮಾತು. ಮುಟ್ಟಿದ್ರೆ ಆಮೇಲೆ ಅವ್ನು ಕಾರ್ಬ್ಯುರೇಟರ್ ತಿರುಚಿದ, ಇವ್ನು ತಿರುಚಿದ ಅಂತ ಜಗಳ ಆಗ್ತದಲ್ಲ.”

ಮೈಥಿಲಿಗೆ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ಆ ಹಳೇ ಜಾವಾಗೆ ಚೋಕ್ ಇಲ್ಲ. ಕಾರ್ಬ್ಯುರೇಟರಿನ ತಲೆಯ ಮೇಲೆ ಒಂದು ಪುಟ್ಟ ಗುಂಡಿ ಇದೆ. ಇಂಜಿನ್ ತಣ್ಣಗಿದ್ದರೆ ಪೆಟ್ರೋಲ್ ಜಿನುಗುವ ತನಕ ಅದನ್ನು ಹೆಬ್ಬೆರಳಿನಿಂದ ಒತ್ತಬೇಕು. ನೀಲಿ ರೇನ್‌ಕೋಟಿನ ಆಕೃತಿ ಹುಡುಕಾಡದೆ ಬಗ್ಗಿ, ಗುಂಡಿ ಒತ್ತಿ, ಬೆರಳನ್ನು ಕೋಟಿಗೆ ಒರೆಸಿಕೊಂಡು ಆಮೇಲೆ ಕಿಕ್ ಹೊಡೆದಿತ್ತು. ಅದು ಜಾವಾದಲ್ಲೇ ಕೈ ಪಳಗಿದವರ ಕೆಲಸ.

“ನೀವು ಕಳ್ಳ ಅಲ್ಲ ಅಂತ ನಂಗೆ ಗೊತ್ತಾಯ್ತು,” ಎಂದಳು. “ಆದರೆ ಮಾನ್ಯಾಗೆ ಈ ಗುಂಡಿ ಕಥೆ ಹೇಳಿದ್ರೆ ‘ನೋಡಿ ನೋಡಿ ಕಲಿತಿರ್ತಾರೆ’ ಅಂತಾಳೆ. ಸೋತ ಹೊಟ್ಟೆಕಿಚ್ಚಿಗೆ ಗಾಡಿ ಎತ್ತಿದ್ರು ಅನ್ನೋದು ಅವಳ ವಾದ. ಬೇಕಂತಲೇ ಸೋತವರಿಗೆ ಹೊಟ್ಟೆಕಿಚ್ಚು ಎಲ್ಲಿಂದ ಬರುತ್ತೆ? ಅದೊಂದು ಮಾತು ನೀವು ಹೇಳಿಬಿಟ್ರೆ ಸಾಕು.”

“ಹೇಳೂದಿಲ್ಲ.”

“ಅಂಕಲ್!”

“ಹೇಳೂದಿಲ್ಲ ಅಂದ್ರ ಹೇಳೂದಿಲ್ಲವ್ವಾ!” ಮೂವತ್ತು ವರ್ಷ ಬೆಂಗಳೂರಿನವರ ನಡುವೆ ಸವೆದುಹೋಗಿದ್ದ ಕಲಬುರಗಿ ಒಮ್ಮೆಲೇ ಮೇಲೆದ್ದು ಬಂತು. “ನಿನಗೇನ್ ಗೊತ್ತದ? ಎರಡು ತಿಂಗಳ ಹಿಂದ ಕಣ್ಣಿನ ಆಸ್ಪತ್ರ್ಯಾಗ ಸಿಕ್ಕಿದ್ದ. ನಾನು ಪೊರೆ ತೋರ್ಸಾಕ ಹೋಗಿದ್ದೆ. ಅವ್ನು ಮೂಲ್ಯಾಗ ಕುಂತಿದ್ದ, ನಾನು ಬಗಲಾಗ ನಿಂತ್ರೂ ಕಾಣಿಸ್ಲಿಲ್ಲ ಅವ್ನಿಗೆ. ಬಗಲಿಂದೇನೂ ಕಾಣ್ವಲ್ದಂತ, ನಡುವಿಂದಷ್ಟ ಕಾಣ್ತದಂತ. ಇನ್ನ ಗಾಡಿ ಮುಟ್ಟಬ್ಯಾಡ ಅಂದಾರ ಡಾಕ್ಟರು. ‘ಇದೊಂದು ವರ್ಷ ಹತ್ತಿ ಬಿಡ್ತೀನೋ ಬಸಪ್ಪ, ಯಾರಿಗೂ ಹೇಳಬೇಡ’ ಅಂದ.”

ಅವರು ರೋಡ್‌ಕಿಂಗಿನ ಸೀಟಿನ ಮೇಲೆ ಕೈಯೂರಿ ನಿಂತರು.

“ಕಡೀ ಸಲ ಹತ್ತಾಂವ ಸೋತು ಇಳೀಬೇಕೇನು? ತುದಿಗಿ ಇನ್ನೊಂದು ತಿರುವು ಇತ್ತು. ಬಲಗೈ ಒಂಚೂರು ಸಡ್ಲ ಬಿಟ್ಟೆ. ಅಷ್ಟ. ಮ್ಯಾಲೆ ಹೋದಾಗ ಗಡಿಯಾರ ಹಿಡ್ಕೊಂಡು ನಿಂತಿದ್ದ. ಸಣ್ಣ ಹುಡುಗನ್ಹಂಗ ನಗ್ತಿದ್ದ. ನನ್ನ ಕಳ್ಳ ಅಂದ್ರ ಅನ್ಲಿ. ಆ ಗೆಲುವು ಸುಳ್ಳು ಅಂತ ಅವ್ನಿಗೆ ತಿಳೀಬಾರ್ದು.”

ಮೈಥಿಲಿಗೆ ಅಪ್ಪನ ಕೊನೆಯ ವರ್ಷಗಳು ನೆನಪಾದವು. ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೂ ಬೀದಿಯ ತುದಿಯಲ್ಲಿ ಜಾವಾ ಸದ್ದು ಕೇಳಿದರೆ ಓದುತ್ತಿದ್ದ ಪೇಪರ್ ಮಡಿಸಿ, “ಇದು ನಮ್ಮದೇ, ಆದರೆ ಟೈಮಿಂಗ್ ತಪ್ಪಿದೆ” ಎನ್ನುತ್ತಿದ್ದರು. ಅವರಿಗಾಗಿ ಹೀಗೆ ಸೋಲುವ ಸ್ನೇಹಿತನೊಬ್ಬ ಇದ್ದನೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು.

ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಅಳುವುದಕ್ಕೆ ಸಮಯವಿರಲಿಲ್ಲ.

“ಸರಿ, ನೀವು ಹೇಳಬೇಡಿ. ಗಾಡಿ ಸಿಕ್ಕರೆ ಯಾರೂ ಏನೂ ಹೇಳಬೇಕಾಗಿಲ್ಲ. ಜಾವಾದಲ್ಲಿ ಪೆಟ್ರೋಲ್ ಎಷ್ಟಿತ್ತು?”

ಶರಣಬಸಪ್ಪ ಕಣ್ಣೊರೆಸಿಕೊಂಡರು. “ಪಂದ್ಯದ ದಿನ ಟ್ಯಾಂಕ್ ತೂಕ ಸಮ ಇರ್ಲಿ ಅಂತ ಇಬ್ಬರೂ ಅಳೆದು ಹಾಕ್ತೀವಿ. ಇಲ್ಲಿಗೆ ಬಂದಾಗ ಅರ್ಧ ಲೀಟರ್ ಉಳಿದಿದ್ರೆ ಹೆಚ್ಚು.”

ಅರ್ಧ ಲೀಟರಿಗೆ ಜಾವಾ ಹದಿನೈದು ಕಿಲೋಮೀಟರ್ ಹೋದೀತು. ಬಂಕಿನಲ್ಲಿ ಹೆಚ್ಚಿಗೆ ತುಂಬಿಸೋಣವೆಂದರೆ ಪೆಟ್ರೋಲಿಗೆ ಅಳತೆಯಾಗಿ ಎಣ್ಣೆ ಬೆರೆಸಬೇಕು, ಇಲ್ಲದಿದ್ದರೆ ಇಂಜಿನ್ ಕಚ್ಚಿಕೊಳ್ಳುತ್ತದೆ. ಜಾವಾ ಬಲ್ಲವರು ಆ ತಪ್ಪು ಮಾಡುವುದಿಲ್ಲ. ಹಾಗಾದರೆ ಗಾಡಿ ಇಲ್ಲಿಂದ ಹದಿನೈದು ಕಿಲೋಮೀಟರಿನೊಳಗೇ ಎಲ್ಲೋ ನಿಂತಿದೆ.

“ಇನ್ನೊಂದೇ ಪ್ರಶ್ನೆ. ಕಿಟ್ಟಿ ಅಂಕಲ್ ಜಾವಾ ಎಲ್ಲಿ ಕೊಂಡಿದ್ದು?”

“ಕೊಂಡಿದ್ದೆಲ್ಲಿ ಬಂತು? ಅದು ಅವನ ಮೈಸೂರಿನ ಮಾವನ ಗಾಡಿ. ಅವನ ಹೆಂಡತಿ ಶಾಮಲಾ ಅವರ ಅಪ್ಪಂದು. ಮಾವ ಹೋದ ಮೇಲೆ ಕಂಟೈನರ್‌ನಲ್ಲಿ ಹಾಕಿ ತರಿಸ್ಕೊಂಡ.”

ಪಾನಾ ಮೈಥಿಲಿಯ ಕೈಯಲ್ಲೇ ಉಳಿಯಿತು. ಹದಿನೈದು ವರ್ಷದಿಂದ ಊರೆಲ್ಲ ‘ಕಿಟ್ಟಿ ಜಾವಾ’ ಎಂದು ಕರೆದ ಗಾಡಿ ಅದು. ಅವಳೂ ಹಾಗೇ ಕರೆದಿದ್ದಳು. ತನಗೆ ಹದಿನಾಲ್ಕು ವರ್ಷಕ್ಕೇ ಗಾಡಿ ಕಲಿಸಿದ ಅಪ್ಪ ಇದ್ದರೂ, ಇನ್ನೊಂದು ಮೈಸೂರು ಮನೆಯಲ್ಲಿ ಇನ್ನೊಬ್ಬ ಅಪ್ಪ ಮಗಳಿಗೆ ಆ ಗುಂಡಿ ಒತ್ತಲು ಕಲಿಸಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಭಾನುವಾರ ಊಟದ ನಡುವೆ ತಲೆನೋವೆಂದು ಎಂಆರ್‌ಟಿ ರೈಲು ಹಿಡಿದು ಮನೆಗೆ ಹೋದವರು ಶಾಮಲಾ ಒಬ್ಬರೇ. ಇಂದು ಎಂಬ ಅವರ ತಂಗಿ ಇರುವುದು ಬೆಡೋಕಿನಲ್ಲಿ. ಇಲ್ಲಿಂದ ಹದಿಮೂರು ಕಿಲೋಮೀಟರ್.

ಅವಳು ಕಾರಿನತ್ತ ಓಡುತ್ತಲೇ ಫೋನ್ ಮಾಡಿದಳು.

“ಶಾಮಲಾ ಆಂಟಿ, ಎಲ್ಲಿದ್ದೀರಿ?”

“ಬೆಡೋಕಲ್ಲಿದ್ದೀನಿ ಕಣಮ್ಮ, ಇಂದೂ ಬ್ಲಾಕ್ ಕೆಳಗೆ. ಬೇಗ ಬಾ.”

ಸಂಜೆಯ ಟ್ರಾಫಿಕ್ ದಾಟಿ ಅವಳು ತಲುಪಿದಾಗ ಆರಕ್ಕೆ ಹನ್ನೆರಡು ನಿಮಿಷ ಬಾಕಿ. ಮಾರ್ಕೆಟ್ಟಿನ ಹಿಂದಿನ ಪಾರ್ಕಿಂಗಿನಲ್ಲಿ, ಬೈಕುಗಳು ನಿಲ್ಲುವ ಸಾಲಿನ ಕೊನೆಯಲ್ಲಿ, ಅರವತ್ತೇಳರ ಶಾಮಲಾ ಹತ್ತಿ ಸೀರೆಯಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಮಡಿಸಿದ ನೀಲಿ ರೇನ್‌ಕೋಟು.

“ನಾನೇ ಕಣಮ್ಮ,” ಎಂದರು, ಕೇಳುವ ಮೊದಲೇ. “ಲೈಸೆನ್ಸ್ ಇದೆ, ಹೆದರಬೇಡ. ಮೂವತ್ತು ವರ್ಷದ ಹಿಂದೆ ಇವರಿಗೆ ಹೇಳದೆ ತಗೊಂಡಿದ್ದು. ಆಸ್ಪತ್ರೆ ಚೀಟಿ ಇವರ ಪ್ಯಾಂಟ್ ಜೇಬಲ್ಲಿ ಸಿಕ್ತು. ಬಿಡಿ ಅಂದ್ರೆ ಬಿಡೋ ಜನಾನಾ? ಗೆದ್ದ ಮೇಲಂತೂ ಮುಂದಿನ ವರ್ಷಾನೂ ಹತ್ತುತ್ತೀನಿ ಅಂತ ಕುಣಿಯೋಕೆ ಶುರು ಮಾಡಿದ್ರು. ಕಳೆದುಹೋಯ್ತು ಅಂದ್ಕೊಂಡ್ರೆ ಎರಡು ದಿನ ಅತ್ತು ಸುಮ್ಮನಾಗ್ತಾರೆ, ಆಮೇಲೆ ನಿಧಾನಕ್ಕೆ ಹೇಳೋಣ ಅಂದ್ಕೊಂಡೆ.”

“ಶರಣಬಸಪ್ಪ ಅಂಕಲ್ ಮೇಲೆ ಬರುತ್ತೆ ಅಂತ...”

“ನನ್ನಾಣೆಗೂ ಗೊತ್ತಿರಲಿಲ್ಲ! ಪೊಲೀಸ್ ಅಂತ ಮಾನ್ಯಾ ಹೇಳಿದ್ದು ಇವತ್ತು ಮಧ್ಯಾಹ್ನ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತಾರಲ್ಲ. ಗಾಡೀನ ವಾಪಸ್ ತಗೊಂಡು ಹೋಗಿ ಎಲ್ಲರ ಮುಂದೆ ಒಪ್ಕೊಳ್ಳೋಣ ಅಂತ ಎಣ್ಣೆ ಬೆರೆಸಿದ ಪೆಟ್ರೋಲ್ ಬಾಟ್ಲೀನೂ ತಂದೆ.”

ಅವರು ಕಾಲ ಬಳಿ ಇದ್ದ ಬಾಟಲಿ ತೋರಿಸಿದರು. ಮೈಥಿಲಿ ಸುತ್ತ ನೋಡಿದಳು. ಸಾಲಿನಲ್ಲಿ ಹೊಸ ಸ್ಕೂಟರುಗಳಿದ್ದವು, ಊಟ ತಲುಪಿಸುವ ಹುಡುಗರ ಬೈಕುಗಳಿದ್ದವು.

“ಆಂಟಿ, ಜಾವಾ ಎಲ್ಲಿ?”

ಶಾಮಲಾ ತಾವು ನಿಂತಿದ್ದ ಜಾಗದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಕಾಂಕ್ರೀಟಿನ ಮೇಲೆ ಅಂಗೈಯಗಲದ ಎಣ್ಣೆಯ ಕಲೆ. “ಇಲ್ಲೇ ನಿಲ್ಲಿಸಿದ್ದೆ. ನೆನ್ನೆ ಸಂಜೆ ನನ್ನ ತಂಗಿ ನೋಡಿದ್ದಾಳೆ, ಇತ್ತಂತೆ. ನಾನು ಮೂರು ಗಂಟೆಗೆ ಬಂದಾಗ ಇರಲಿಲ್ಲ, ಆಗಿಂದ ಅಕ್ಕಪಕ್ಕದ ಬ್ಲಾಕೆಲ್ಲ ಹುಡುಕ್ತಿದ್ದೀನಿ. ಅಪ್ಪನ ಗಾಡಿ ಕಣೇ ಅದು.”

ಮೈಥಿಲಿ ಬಗ್ಗಿ ಕಲೆ ಮುಟ್ಟಿ ನೋಡಿದಳು. ಅಂಚು ಒಣಗಿತ್ತು, ನಡುವೆ ಇನ್ನೂ ಜಿಡ್ಡಿತ್ತು. ಪಕ್ಕದಲ್ಲಿ ಟೈರಿನ ಗುರುತಿರಲಿಲ್ಲ. ಲಾರಿಗೆ ಎತ್ತಿ ಹಾಕಿಕೊಂಡು ಹೋದರೋ ಹೇಗೋ ತಿಳಿಯಲಿಲ್ಲ.

ಆರಕ್ಕೆ ನಾಲ್ಕು ನಿಮಿಷ. ಶಾಮಲಾ ಸೆರಗಿನಿಂದ ಮುಖ ಒರೆಸಿಕೊಂಡು ಫೋನ್ ತೆಗೆದರು. “ಮೊದಲು ಆ ಪುಣ್ಯಾತ್ಮನ ಹೆಸರು ಉಳಿಸಬೇಕು. ಗಾಡಿ ವಿಷಯ ಆಮೇಲೆ,” ಎಂದು ಸ್ಪೀಕರ್ ಹಾಕಿದರು.

“ರೀ, ಎಲ್ಲಿದ್ದೀರಿ?”

“ಠಾಣೇಲಿ.” ಕಿಟ್ಟಿಯವರ ದನಿ ಬಹಳ ಸಮಾಧಾನವಾಗಿತ್ತು. “ಟೋಕನ್ ತಗೊಂಡು ಕೂತಿದ್ದೀನಿ. ಮಾನ್ಯಾ ಫಾರ್ಮ್ ತುಂಬ್ತಿದ್ದಾಳೆ.”

“ಏನೂ ಬರೀಬೇಡಿ ಅನ್ನಿ. ಜಾವಾ ತಗೊಂಡು ಹೋಗಿದ್ದು ನಾನು ಕಣ್ರೀ. ಬಸಪ್ಪನವರಲ್ಲ. ನಾನು.”

“ಗೊತ್ತು.”

ಶಾಮಲಾ ಮೈಥಿಲಿಯ ಮುಖ ನೋಡಿದರು.

“ಗಿರಿಧರ್ ವಿಡಿಯೋ ತೋರಿ‍ಸಿದ ದಿನಾನೇ ಗೊತ್ತಾಯ್ತು ಶಾಮೂ. ಪಕ್ಕದ್ದು ಕಾಣಲ್ಲ, ಎದುರಿಗಿರೋದು ಕಾಣುತ್ತಲ್ಲ. ನಲವತ್ತು ವರ್ಷ ನೋಡಿರೋ ಬೆನ್ನು ಗುರುತು ಸಿಗಲ್ವಾ ನಂಗೆ? ಇಂದೂ ಮನೇಲಿ ಬಿಟ್ಟಿರ್ತೀಯ, ಭದ್ರವಾಗಿರುತ್ತೆ ಅಂತ ಸುಮ್ಮನಿದ್ದೆ.”

ಮೈಥಿಲಿ ತಡೆಯಲಾರದೆ ಫೋನಿನ ಹತ್ತಿರ ಬಗ್ಗಿದಳು. “ಅಂಕಲ್, ನಾನು ಮೈಥಿಲಿ. ಎಲ್ಲ ಗೊತ್ತಿದ್ದೂ ಅವರ ಹೆಸರು ಯಾಕೆ ಕೊಡ್ತಿದ್ದೀರಿ?”

ಆ ಕಡೆ ಯಾರೋ ಇಂಗ್ಲಿಷಿನಲ್ಲಿ ಒಂದು ನಂಬರ್ ಕೂಗಿದ್ದು ಕೇಳಿಸಿತು. ಕುರ್ಚಿ ಸರಿದ ಸದ್ದಾಯಿತು.

“ಹದಿನಾಲ್ಕು ವರ್ಷ ಅವನ ಹಿಂದೆ ಹತ್ತಿದ್ದೀನಮ್ಮ. ಆ ಸೈಲೆನ್ಸರ್ ಸದ್ದು ನಂಗೆ ಬಾಯಿಪಾಠ. ಕೊನೇ ತಿರುವಲ್ಲಿ ಬಲಗೈ ಸಡಿಲ ಬಿಟ್ಟ. ಕಣ್ಣು ಹೋಗ್ತಿರೋ ಕಿಟ್ಟಿಗೆ ಭಿಕ್ಷೆ ಹಾಕಿದ, ನಾನು ಎಲ್ಲರ ಮುಂದೆ ನಗೋ ನಾಟಕ ಆಡಿದೆ. ಅವನು ನನ್ನಿಂದ ಕದ್ದಿದ್ದು ಗಾಡಿ ಅಲ್ಲ, ನನ್ನ ಕೊನೇ ಪಂದ್ಯ. ಬರ್ತೀನಿ, ನನ್ನ ನಂಬರ್ ಕರೆದ್ರು.”

ಫೋನ್ ಕಟ್ಟಾಯಿತು. ಶಾಮಲಾ ಮತ್ತೆ ಮತ್ತೆ ಒತ್ತಿದರು. ಆ ಕಡೆ ಸ್ವಿಚ್ ಆಫ್.

“ಮೈಥಿಲಿ,” ಎಂದರು, ಎಣ್ಣೆಯ ಕಲೆಯಿಂದ ಕಣ್ಣು ಕೀಳದೆ, “ಗಾಡಿ ನಿಜವಾಗ್ಲೂ ಕಳವಾಗಿದೆ ಅಂತ ನಾನು ಇನ್ನೂ ಹೇಳಲೇ ಇಲ್ವಲ್ಲೇ.”